ಎರೆ ಮಣ್ಣಿನ ಹಿತ್ತಿಲಲ್ಲಿ ಕೋಯಿ ಕೊಳ

ಧಾರವಾಡದಿಂದ ಪೂರ್ವಕ್ಕೆ ಹೋದಷ್ಟೂ ನೆಲ ಕಪ್ಪಾಗುತ್ತದೆ. ನವಲಗುಂದದ ಕಡೆ ಮೈಲುಗಟ್ಟಲೆ ಹರಡಿರುವ ಆ ಎರೆ ಮಣ್ಣು ನಮ್ಮ ಹುಬ್ಬಳ್ಳಿಯ ಅನೇಕ ಬಡಾವಣೆಗಳ ಅಡಿಯಲ್ಲೂ ಇದೆ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ಹೊತ್ತಿಗೆ ಕೆಲವು ಬಿರುಕುಗಳಲ್ಲಿ ಅಂಗೈ ಇಳಿಸಬಹುದು. ಮನೆ ಕಟ್ಟುವವರಿಗೆ ಇದು ಗೊತ್ತು. ಗಟ್ಟಿ ನೆಲ ಸಿಗುವವರೆಗೆ ಎರೆ ತೆಗೆಸಿ, ಗರಸು ತುಂಬಿಸಿ, ಆಮೇಲೆ ಪಾಯ ಹಾಕುತ್ತಾರೆ. ಹಿತ್ತಿಲಿನ ಒಂದು ತೊಟ್ಟಿಗೆ ಇಷ್ಟೆಲ್ಲ ಯಾರೂ ಮಾಡುವುದಿಲ್ಲ. ನಮ್ಮ ಮನೆಯ ಕೋಯಿ ಮೀನಿನ ಕೊಳ ವರ್ಷ ವರ್ಷವೂ ಸೋರುತ್ತಿದ್ದುದರ ಕಾರಣ ಸಿಮೆಂಟಿನಲ್ಲಿರಲಿಲ್ಲ, ಅದರ ಕೆಳಗಿನ ಈ ಮಣ್ಣಿನಲ್ಲಿತ್ತು. ಅದನ್ನು ತಿಳಿದುಕೊಂಡ ಮೇಲೆಯೇ ನೀರು ನಿಲ್ಲಲು ಕೊಳದೊಳಗೆ ಯಾವ ಹಾಳೆ ಹಾಸಬೇಕೆಂಬುದೂ ನಮಗೆ ಹೊಳೆದದ್ದು.

ಕೊಳ ಕಟ್ಟಿಸಿದವರು ಅಪ್ಪ. ಸಸ್ಯಶಾಸ್ತ್ರ ಕಲಿಸುತ್ತಿದ್ದವರು, ನಿವೃತ್ತರಾದ ಮೇಲೆ ತಾವರೆ ಬೆಳೆಸಬೇಕೆಂದು ಹಿತ್ತಿಲಲ್ಲಿ 12 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ತೊಟ್ಟಿ ಕಟ್ಟಿಸಿದರು. ಇಟ್ಟಿಗೆ ಗೋಡೆ, ಒಳಗೆ ಸಿಮೆಂಟ್ ಗಿಲಾವು. ತಾವರೆಯ ನೀರಿನಲ್ಲಿ ಸೊಳ್ಳೆ ಮರಿ ಆಗಬಾರದೆಂದು ಅಂಗಡಿಯಿಂದ ಬೆರಳುದ್ದದ ಬಣ್ಣದ ಮೀನುಗಳನ್ನು ತಂದು ಬಿಟ್ಟರು. ಅವು ಕೋಯಿಗಳು. ತಾವರೆಯ ಬೇರು ಕೆದಕಿ ಕೆದಕಿ ಗಿಡವನ್ನು ಮುಗಿಸಿದವು, ತಾವು ಬೆಳೆದವು. ಬಿಳಿ ಮೈಮೇಲೆ ಕೆಂಪು ಪಟ್ಟೆಯ ಕೊಹಾಕು ಒಂದು ಎರಡಡಿಯ ಹತ್ತಿರ ಬಂತು. ಕಪ್ಪು, ಕೆಂಪು, ಬಿಳಿ ಮೂರೂ ಕೂಡಿದ ಶೋವಾ ಒಂದು. ಹಳದಿ ಲೋಹದಂತೆ ಹೊಳೆಯುವ ಓಗೊನ್ ಒಂದು. ಅಪ್ಪ ದಂಡೆಯ ಮೇಲೆ ಕೂತು ನೀರಿಗೆ ಕೈ ಇಟ್ಟರೆ ಸಾಕು, ಸಾಲಾಗಿ ಬಂದು ಬೆರಳಿಗೆ ಬಾಯಿ ಹಚ್ಚುತ್ತಿದ್ದವು. ಚೆನ್ನಾಗಿ ನೋಡಿಕೊಂಡರೆ ಕೋಯಿ 25–30 ವರ್ಷ ಬದುಕುವ ಮೀನು. ಒಂದು ಮನೆಯಲ್ಲಿ ಒಂದು ತಲೆಮಾರು ಇರುವ ಜೀವ ಅದು.

ಸೋರಿಕೆ ಪ್ರತಿ ಬೇಸಿಗೆಯಲ್ಲಿ ಶುರುವಾಗುತ್ತಿತ್ತು. ಅಪ್ಪ ನೀರು ಇಳಿಸಿ, ಬಿರುಕು ಹುಡುಕಿ, ಸಿಮೆಂಟ್ ಮೆತ್ತಿಸುತ್ತಿದ್ದರು. ಮಳೆಗಾಲ ಹೇಗೋ ದಾಟುತ್ತಿತ್ತು. ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡುವುದರಿಂದ ಪ್ರತಿ ಸಲವೂ ಪಿಎಚ್ ಏರುತ್ತಿತ್ತು. ಪಿಎಚ್ ಏರಿದ ನೀರಿನಲ್ಲಿ ಮೀನು ಹೊರಹಾಕುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಅಂಥ ದಿನಗಳಲ್ಲಿ ಮೀನುಗಳು ಮೇವು ಬಿಟ್ಟು ತಳ ಹಿಡಿದು ಕೂರುತ್ತಿದ್ದವು.

ನನಗೆ ಮೀನಿನಷ್ಟೇ ಸಂಕಟ ನೀರಿನದೂ ಇತ್ತು. ನಮ್ಮ ಊರಲ್ಲಿ ನಳದ ನೀರಿಗೆ ಕಾದು ಕೂತವರ ನೆನಪು ಇಲ್ಲದ ಮನೆಯಿಲ್ಲ. ಸವದತ್ತಿಯ ಮಲಪ್ರಭಾ ಜಲಾಶಯದಿಂದ ಏರಿ ಬರುವ ನೀರು ಅದು. ನಮ್ಮ ಕೊಳದ ಅಳತೆಗೆ ನೀರು ಒಂದು ಇಂಚು ಇಳಿಯಿತೆಂದರೆ ಸುಮಾರು 226 ಲೀಟರ್ ಹೋಯಿತೆಂದು ಲೆಕ್ಕ. ಇಂಚಿನ ಲೆಕ್ಕದಲ್ಲಿ ಕಣ್ಣಿಗೆ ಸಣ್ಣದಾಗಿ ಕಾಣುವುದು ಕೊಡದ ಲೆಕ್ಕದಲ್ಲಿ ಎದೆಗೆ ತಾಗುತ್ತದೆ. ಇಷ್ಟು ನೀರನ್ನು ದಿನವೂ ಮಣ್ಣಿಗೆ ಬಿಟ್ಟುಕೊಂಡು ಮೀನು ಸಾಕುವುದು ಸರಿಯಲ್ಲ ಎಂದು ಅವ್ವ ನೇರವಾಗಿಯೇ ಹೇಳಿದಳು. ಕೊಳ ಉಳಿಸುವುದಾದರೆ ಸರಿಯಾಗಿ ಉಳಿಸಬೇಕು ಎಂದು ಅಂದೇ ನಿಶ್ಚಯವಾಯಿತು.

ಮೊದಲು ತಿಳಿಯಬೇಕಾದದ್ದು, ನೀರು ಸೋರುತ್ತಿದೆಯೋ ಆವಿಯಾಗುತ್ತಿದೆಯೋ ಎಂಬುದು. ಅದಕ್ಕೊಂದು ಸುಲಭ ದಾರಿ ಇದೆ. ಕೊಳದ ನೀರನ್ನೇ ಒಂದು ಬಕೆಟ್ಟಿಗೆ ತುಂಬಿ, ಕೊಳದ ಪಕ್ಕ ಅದೇ ಬಿಸಿಲು, ಅದೇ ಗಾಳಿಯಲ್ಲಿ ಇಡಬೇಕು. ಎರಡರಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಟ್ಟು ನೋಡಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬಕೆಟ್ಟಿನ ನೀರು ಕಾಲು ಇಂಚಿನಷ್ಟು ಇಳಿಯಿತು. ಕೊಳದ ನೀರು ಒಂದೂವರೆ ಇಂಚು ಇಳಿದಿತ್ತು. ನಡುವಿನ ವ್ಯತ್ಯಾಸವೇ ಸೋರಿಕೆ. ಫಿಲ್ಟರಿನ ಪಂಪು ನಿಲ್ಲಿಸಿ ಮತ್ತೆ ಅಳೆದೆವು, ಆಗಲೂ ಅಷ್ಟೇ. ಪಂಪು ಓಡುವಾಗ ಮಾತ್ರ ನೀರು ಇಳಿಯುವುದಾದರೆ ದೋಷ ಪೈಪಿನಲ್ಲಿ. ನಿಂತಾಗಲೂ ಇಳಿಯುವುದಾದರೆ ತೊಟ್ಟಿಯಲ್ಲೇ.

ಎಲ್ಲಿ ಸೋರುತ್ತಿದೆ ಎಂದು ತೋರಿಸಿದ್ದು ಹಾಲು. ಸೂಜಿ ತೆಗೆದ ಸಿರಿಂಜಿನಲ್ಲಿ ಸ್ವಲ್ಪ ಹಾಲು ತುಂಬಿಕೊಂಡು ಅಪ್ಪ ಮೊಣಕಾಲೂರಿ ದಂಡೆಗೆ ಬಾಗಿದರು. ನೀರು ಅಲುಗದಂತೆ, ಗೋಡೆಯ ಬಿರುಕಿನಿಂದ ಎರಡು ಬೆರಳು ದೂರದಲ್ಲಿ ಒಂದು ಹನಿ ಬಿಟ್ಟರು. ಹನಿ ಮೊದಲು ಮೋಡದಂತೆ ಹರಡಿತು. ಆಮೇಲೆ ನಿಧಾನವಾಗಿ ಉದ್ದವಾಗಿ, ಬಿಳಿ ದಾರವಾಗಿ, ಗೋಡೆಯ ಕಡೆ ತಿರುಗಿ ಬಿರುಕಿನೊಳಗೆ ಸರಿದು ಹೋಯಿತು. ಮಾತಿಲ್ಲದೆ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು. ಗೋಡೆಯ ಉದ್ದಕ್ಕೂ ಹೀಗೆ ಹನಿ ಹಾಕುತ್ತ ಹೋದಂತೆ ಬಿರುಕು ಒಂದಲ್ಲ, ಮೂಲೆಯಿಂದ ಮೂಲೆಗೆ ಹಬ್ಬಿದೆ ಎಂದು ತಿಳಿಯಿತು.

ಮರುದಿನ ಬಂದ ಗೌಂಡಿ ಗೋಡೆಯ ಹೊರಗಿನ ಮಣ್ಣನ್ನು ಹಾರೆಯಿಂದ ಕೆದಕಿ ನೋಡಿ ಹೇಳಿದರು: “ಸರ್ರ, ಸಿಮೆಂಟ್ ಎಷ್ಟ ಮೆತ್ತಿದ್ರೂ ನಿಲ್ಲಂಗಿಲ್ರಿ. ನೆಲಾನ ಅಳ್ಳಾಡತೈತಿ, ಅದರ ಮ್ಯಾಲಿಂದು ಹೆಂಗ ಸುಮ್ನ ಕುಂದ್ರತೈತಿ?” ಹೊರಗೆ ಮಣ್ಣು ಗೋಡೆಯನ್ನು ಬಿಟ್ಟು ಮೂರು ಬೆರಳು ದೂರ ಸರಿದಿತ್ತು. ಅವರು ಅಲ್ಲೇ ನಿಂತು ವಿವರಿಸಿದ್ದು ನನಗೆ ಈಗಲೂ ಕಣ್ಣ ಮುಂದಿದೆ. ಬೇಸಿಗೆಯಲ್ಲಿ ಮಣ್ಣು ಹಿಂದೆ ಸರಿದಾಗ ಗೋಡೆಗೆ ಹೊರಗಿನ ಆಸರೆ ತಪ್ಪುತ್ತದೆ, ಒಳಗಿನ ನೀರು ಹೊರಕ್ಕೆ ನೂಕುತ್ತದೆ. ಮಳೆಗಾಲದಲ್ಲಿ ಮಣ್ಣು ಉಬ್ಬಿ ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಸೋರಿದ ನೀರು ಒಂದು ಕಡೆಯ ಮಣ್ಣನ್ನು ಮಾತ್ರ ನೆನೆಸಿ ಉಬ್ಬಿಸುವುದರಿಂದ ತಳ ಓರೆಯಾಗಿ ಏಳುತ್ತದೆ. ಹೀಗೆ ಒಂದು ಸೋರಿಕೆ ಇನ್ನೊಂದನ್ನು ಹುಟ್ಟಿಸುತ್ತದೆ.

ಈ ನಡುವೆ ಬಂದವರೊಬ್ಬರು “ಮೀನು ಒಯ್ದು ಉಣಕಲ್ ಕೆರಿಗೆ ಬಿಟ್ಟುಬಿಡ್ರಿ, ಪುಣ್ಯಾನೂ ಬರತೈತಿ” ಎಂದರು. ಪ್ರೀತಿಯಿಂದಲೇ ಹೇಳಿದ ಮಾತು, ಆದರೆ ಅಪ್ಪ ಒಪ್ಪಲಿಲ್ಲ. ಕೋಯಿ ಎಂಬುದು ಸಾಮಾನ್ಯ ಗೆಂಡೆಯ ಜಾತಿಗೆ ಸೇರಿದ, ಬಣ್ಣಕ್ಕಾಗಿ ಆರಿಸಿ ಬೆಳೆಸಿದ ಮೀನು. ತಳದ ಕೆಸರನ್ನು ಬಾಯಿಂದ ಕೆದಕುವುದು ಅದರ ಸ್ವಭಾವ. ಕೆರೆಗೆ ಬಿಟ್ಟರೆ ನೀರು ಕದಡುತ್ತದೆ, ನೀರಿನ ಗಿಡಗಳು ಹಾಳಾಗುತ್ತವೆ, ಸ್ಥಳೀಯ ಮೀನುಗಳ ಮೇವಿಗೆ ಪೈಪೋಟಿ ಬೀಳುತ್ತದೆ. ಹಿತ್ತಿಲಿನ ಮೀನಿನ ಜವಾಬ್ದಾರಿ ಹಿತ್ತಿಲಿನವರದೇ.

ಹಾಗಾದರೆ ಕೊಳದಲ್ಲಿ ನೀರು ನಿಲ್ಲಿಸಲು ಒಳಗೆ ಏನು ಹಾಕುವುದು? ಪೇಟೆಯಲ್ಲಿ ಹೇಳಿದ ಮೊದಲ ದಾರಿ, ಒಳಗೆ ಜಲನಿರೋಧಕ ಬಳಿಯುವುದು. ಗಟ್ಟಿ ನೆಲದ ಮೇಲಿನ ತೊಟ್ಟಿಗೆ ಅದು ಒಳ್ಳೆಯದೇ. ಆದರೆ ಗೋಡೆಯೇ ಸೀಳಿದಾಗ ಅದರ ಮೇಲಿನ ತೆಳು ಲೇಪವೂ ಸೀಳುತ್ತದೆ. ಎರಡನೆಯದು ಫೈಬರ್ ಗ್ಲಾಸ್. ರಾಳದಲ್ಲಿ ಗಾಜಿನ ನಾರು ಅದ್ದಿ ಪದರ ಪದರವಾಗಿ ಕೂರಿಸುವ ಕೆಲಸ ಗಟ್ಟಿಮುಟ್ಟು, ದುಬಾರಿ. ಅಂಟಿಕೊಂಡ ಗೋಡೆ ಕದಲಿದರೆ ಅದೂ ಒತ್ತಡಕ್ಕೆ ಸಿಗುತ್ತದೆ. ಮೂರನೆಯದು ಪಿವಿಸಿ ಹಾಳೆ. ಅಗ್ಗ, ಹಗುರ. ಮೆದುವಾಗಲೆಂದು ಬೆರೆಸಿದ ರಾಸಾಯನಿಕ ಕಾಲಕ್ರಮದಲ್ಲಿ ಹೊರಟುಹೋಗಿ, ಬಿಸಿಲು ಬಿದ್ದ ಅಂಚು ಪೆಡಸಾಗಿ ಒಡೆಯುತ್ತದೆ.

ನಾಲ್ಕನೆಯದನ್ನು ನೋಡಲು ಕಲಘಟಗಿ ಕಡೆ ಕಾಕಾನ ಹೊಲಕ್ಕೆ ಹೋದೆವು. ಅಲ್ಲಿ ಕೃಷಿ ಹೊಂಡವಿದೆ. 2014–15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಭೂಮಿಯ ಸಾವಿರಾರು ರೈತರಿಗೆ ಪರಿಚಯವಾದ ಕಪ್ಪು ಹಾಳೆ, ಎಚ್‌ಡಿಪಿಇ. ದಪ್ಪ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್. ಬಿಸಿಲು ತಡೆಯಲೆಂದು ಅದರಲ್ಲಿ ಇಂಗಾಲದ ಕಪ್ಪು ಬೆರೆಸಿರುತ್ತಾರೆ. “ನಮ್ಮದು ಮಸಾರಿ ಹೊಲಪಾ, ತಾಡಪತ್ರಿ ಹಾಸದಿದ್ರ ವಾರನೂ ನೀರು ನಿಲ್ಲೂದಿಲ್ಲ” ಎಂದು ಕಾಕಾ ತೋರಿಸಿದ. ಹೊಂಡದ ದಂಡೆ ಇಳಿಜಾರಾಗಿದೆ, ದೊಡ್ಡದಾಗಿದೆ. ಹಾಳೆ ಹಾಸಿಗೆಯಂತೆ ಕೂತಿದೆ. ಅದೇ ಹಾಳೆಯನ್ನು ನೆಟ್ಟಗೆ ನಿಂತ ಗೋಡೆಯ ಸಣ್ಣ ತೊಟ್ಟಿಯ ಮೂಲೆಗೆ ಮಡಚಿದರೆ ಕೂರುವುದಿಲ್ಲ, ಸೆಟೆದು ನಿಲ್ಲುತ್ತದೆ. ಮಡಿಕೆ ಗಟ್ಟಿಯಾದಲ್ಲಿ ನೀರಿನ ಭಾರ ಬಿದ್ದು ಅಲ್ಲೇ ದಣಿಯುತ್ತದೆ. ಅಳತೆಗೆ ತಕ್ಕಂತೆ ಪೆಟ್ಟಿಗೆಯ ಆಕಾರಕ್ಕೆ ಬಿಸಿ ಬೆಸುಗೆ ಹಾಕಿಸಿಕೊಂಡರೆ ಆಗುತ್ತದೆ; ಆದರೆ ನೆಲ ಕದಲುವ ನಮ್ಮ ಹಿತ್ತಿಲಿಗೆ ಇನ್ನೂ ಮೆತ್ತಗಿನದು ಬೇಕಿತ್ತು.

ಮರಳುವಾಗ ಅಪ್ಪ ಒಂದು ಮಾತು ಹೇಳಿದರು. ನವಲಗುಂದದ ಕಡೆ ಆಳವಾದ ಎರೆ ಹೊಲಗಳಲ್ಲಿ ಕೃಷಿ ಹೊಂಡಕ್ಕೆ ಹಾಳೆಯೇ ಬೇಕಿಲ್ಲ. ನೆನೆದ ಎರೆ ತಾನೇ ಉಬ್ಬಿ ತೂತು ಮುಚ್ಚಿಕೊಂಡು ನೀರು ಹಿಡಿಯುತ್ತದೆ. ನಮ್ಮ ಸಿಮೆಂಟನ್ನು ಒಡೆದ ಮಣ್ಣಿಗೇ ಆ ಶಕ್ತಿ ಇದೆ. ಕೋಯಿಯ ತವರು ಕೂಡ ಮಣ್ಣಿನ ಕೊಳವೇ. ಜಪಾನಿನ ನೀಗಾತ ಪ್ರಾಂತ್ಯದ ಯಮಾಕೋಶಿ ಎಂಬ ಗುಡ್ಡಗಾಡಿನಲ್ಲಿ, ಭತ್ತದ ಗದ್ದೆಗಳ ನಡುವೆ, 19ನೇ ಶತಮಾನದಲ್ಲಿ ರೈತರು ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ ಬಣ್ಣ ಕಂಡದ್ದನ್ನು ಬೇರ್ಪಡಿಸಿ ಬೆಳೆಸಿದರು. 1914ರಲ್ಲಿ ತೋಕಿಯೋದ ಪ್ರದರ್ಶನದಲ್ಲಿ ಇಟ್ಟ ಮೇಲೆ ಅವು ಹೊರಗೆ ಹೆಸರಾದವು. ಇಂದಿಗೂ ಅಲ್ಲಿ ಬೇಸಿಗೆ ಪೂರ್ತಿ ಮೀನುಗಳು ಜೇಡಿಮಣ್ಣಿನ ಕೊಳದಲ್ಲಿ ಬೆಳೆಯುತ್ತವೆ. ಶರತ್ಕಾಲದಲ್ಲಿ ಹಿಡಿದು ಒಳಗೆ ತರುತ್ತಾರೆ. 2004ರ ಅಕ್ಟೋಬರ್ 23ರಂದು ಭೂಕಂಪವಾದಾಗ ಆ ಊರಿನ ಎರಡು ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಕೊಳಗಳು ಬಿರಿದವು, ಅಪಾರ ಮೀನು ಸತ್ತವು. ಸಾಕಣೆದಾರರು ಮರಳಿ ಬಂದು ಕೊಳಗಳನ್ನು ಮತ್ತೆ ಕಟ್ಟಿದರು. ನೆಲ ಕದಲಿದರೂ ಮೀನನ್ನು ಬಿಡದವರ ಆ ಕಥೆ ಅಪ್ಪನಿಗೆ ಬಲ ಕೊಟ್ಟಿತ್ತು. ಆದರೂ ನಮ್ಮ ಹಿತ್ತಿಲಿಗೆ ಮಣ್ಣಿನ ಕೊಳ ಹೊಂದುತ್ತಿರಲಿಲ್ಲ. ಎರೆಯ ದಂಡೆ ನೆಟ್ಟಗೆ ನಿಲ್ಲುವುದಿಲ್ಲ, ಇಳಿಜಾರು ಬಿಡಲು ಜಾಗವಿಲ್ಲ, ಪಕ್ಕದಲ್ಲೇ ಮನೆಯ ಪಾಯವಿದೆ.

ಕೊನೆಗೆ ಆರಿಸಿದ್ದು ಇಪಿಡಿಎಂ ರಬ್ಬರ್ ಹಾಳೆ. ಕೊಳಗಳಿಗೆ ಹೆಚ್ಚಾಗಿ ಬಳಸುವ ದಪ್ಪ 45 ಮಿಲ್, ಅಂದರೆ 1.14 ಮಿಲಿಮೀಟರ್. ಎಚ್‌ಡಿಪಿಇಗಿಂತ ಬೆಲೆ ಹಲವು ಪಟ್ಟು. ಆದರೆ ಎಳೆದರೆ ಹಿಗ್ಗುತ್ತದೆ, ಮಡಚಿದರೆ ಮಡಚಿಕೊಳ್ಳುತ್ತದೆ, ಬಿಸಿಲಿಗೆ ಪೆಡಸಾಗುವುದಿಲ್ಲ. ಸರಿಯಾಗಿ ಹಾಸಿದರೆ 20 ವರ್ಷ ದಾಟುತ್ತದೆ. ತೂತಾದರೆ ತೇಪೆ ಹಚ್ಚಬಹುದು. ಒಂದು ಎಚ್ಚರ ಬೇಕು: ಚಾವಣಿಗೆಂದು ಮಾಡಿದ ಕಪ್ಪು ರಬ್ಬರ್ ನೋಡಲು ಹೀಗೇ ಇರುತ್ತದೆ, ಆದರೆ ಅದು ಮೀನಿಗೆ ಸುರಕ್ಷಿತ ಎಂಬ ಭರವಸೆ ಇಲ್ಲ. ಮೀನಿನ ಕೊಳಕ್ಕೆಂದೇ ಮಾಡಿದ್ದು ಎಂದು ಬರವಣಿಗೆಯಲ್ಲಿ ಕೊಡುವವರ ಹತ್ತಿರ ಮಾತ್ರ ಕೊಳ್ಳಬೇಕು.

ಹಾಳೆಯ ಅಳತೆಗೆ ಸೂತ್ರ ಒಂದೇ. ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ಎರಡೂ ಕಡೆಯ ಅಂಚಿಗೆ ಒಂದೊಂದು ಅಡಿ ಸೇರಿಸಬೇಕು. ಅಗಲಕ್ಕೂ ಹಾಗೆಯೇ. ನಮಗೆ ಉದ್ದ 12ಕ್ಕೆ 8 ಮತ್ತು 2 ಕೂಡಿ 22 ಅಡಿ. ಅಗಲ 8ಕ್ಕೆ 8 ಮತ್ತು 2 ಕೂಡಿ 18 ಅಡಿ. ಜೋಡಣೆಯಿಲ್ಲದ ಒಂದೇ ಹಾಳೆ. ತೂಕ 50 ಕಿಲೋ ಹತ್ತಿರ.

ಹಳೆಯ ತೊಟ್ಟಿಯನ್ನು ಒಡೆಸೋಣವೇ ಎಂದು ಕೇಳಿದೆ. “ಒಡೀಬ್ಯಾಡೋ ತಮ್ಮಾ. ಡಬ್ಬಿ ಹಂಗ ಇರ್ಲಿ. ನೀರು ಹಿಡಿಯೂ ಕೆಲಸ ಅಷ್ಟ ಅದರಿಂದ ತಗದ ಬ್ಯಾರೇದಕ್ಕ ಕೊಡೂನು” ಎಂದರು ಅಪ್ಪ. ನಮ್ಮ ಇಡೀ ಕೆಲಸದ ತಿರುಳು ಆ ಮಾತಿನಲ್ಲಿತ್ತು. ಸಿಮೆಂಟ್ ಆಕಾರ ಕೊಡಲಿ, ರಬ್ಬರ್ ನೀರು ಹಿಡಿಯಲಿ. ಸಿಮೆಂಟ್ ಇನ್ನೊಂದು ಗೆರೆ ಬಿರಿದರೂ ಹಾಳೆ ಅದರ ಜೊತೆ ತುಸು ಸರಿದುಕೊಳ್ಳುತ್ತದೆ.

ಮೀನುಗಳಿಗೆ ಹಿಂದಿನ ದಿನ ಮೇವು ನಿಲ್ಲಿಸಿದೆವು. ನೆರಳಲ್ಲಿ ದೊಡ್ಡ ನೀರಿನ ಟಾಕಿ ಇಟ್ಟು, ಕೊಳದ ನೀರನ್ನೇ ತುಂಬಿ, ಗಾಳಿಯ ಪಂಪು ಹಚ್ಚಿದೆವು. ಕೋಯಿಯನ್ನು ಬಲೆಯಲ್ಲಿ ಎತ್ತಬಾರದು. ಪೊರೆ ಕಿತ್ತು ಬರುತ್ತದೆ, ಮೈಮೇಲಿನ ಲೋಳೆ ಹೋಗುತ್ತದೆ. ಬಲೆಯಿಂದ ಮೆಲ್ಲಗೆ ದಾರಿ ತೋರಿಸಿ, ಅಗಲವಾದ ಬುಟ್ಟಿಗೆ ನೀರಿನ ಸಮೇತ ತುಂಬಿಸಿಕೊಂಡೆವು. ಫಿಲ್ಟರಿನ ಸ್ಪಂಜು, ಜಾಲಿಗಳನ್ನೂ ಒಣಗಲು ಬಿಡದೆ ಅದೇ ಟಾಕಿಯಲ್ಲಿ ಮುಳುಗಿಸಿದೆವು. ಅಮೋನಿಯಾವನ್ನು ನೈಟ್ರೈಟಾಗಿಸುವ, ನೈಟ್ರೈಟನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾ ಇರುವುದು ಅವುಗಳ ಮೈಮೇಲೆ. ಅವು ಸತ್ತರೆ ಹೊಸ ಕೊಳ ಎಷ್ಟು ಚೆಂದವಿದ್ದರೂ ಮೀನು ಬದುಕುವುದು ಕಷ್ಟ.

ಗೌಂಡಿ ಒಳಗಿಳಿದು ಗೋಡೆಯ ಪ್ರತಿ ಚೂಪನ್ನೂ ತಟ್ಟಿ ತೆಗೆದರು, ಮೂಲೆಗಳನ್ನು ಗಾರೆಯಿಂದ ಗುಂಡಗೆ ಮಾಡಿದರು. ಅಂಗೈ ಸವರಿ ನೋಡುವುದು ಅವರ ಪರೀಕ್ಷೆ. ಅಂಗೈಗೆ ಚುಚ್ಚುವುದು ಹಾಳೆಗೂ ಚುಚ್ಚುತ್ತದೆ. ಮೇಲೆ ನೇಯದ ದಪ್ಪ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು. ಗೋಣಿತಾಟು ಹಾಸಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಕೊಳೆಯುತ್ತದೆ, ಗೆದ್ದಲನ್ನು ಕರೆಯುತ್ತದೆ. ಮಳೆಗಾಲದಲ್ಲಿ ಹೊರಗಿನ ನೀರು ಬಿರುಕಿನಿಂದ ಒಳಬಂದು ಹಾಳೆಯನ್ನು ಕೆಳಗಿಂದ ಎತ್ತಬಾರದೆಂದು, ತಳದ ಒಂದು ಮೂಲೆಯಿಂದ ಮೇಲಿನವರೆಗೆ ತೂತಿನ ಪೈಪೊಂದನ್ನು ಬಟ್ಟೆಯ ಹಿಂದೆ ನಿಲ್ಲಿಸಿದೆವು. ಅದರೊಳಗೆ ನೀರು ಕಂಡರೆ ಸಣ್ಣ ಪಂಪಿನಿಂದ ತೆಗೆಯಬಹುದು.

ಹಾಳೆಯನ್ನು ಬೆಳಗಿನ ಬಿಸಿಲಲ್ಲಿ ಅಂಗಳಕ್ಕೆ ಹರಡಿದೆವು. ಬಿಸಿಯಾದಂತೆ ಅದು ಮೆತ್ತಗಾಯಿತು. ನಾಲ್ಕು ಮೂಲೆಗೆ ನಾಲ್ವರು ಹಿಡಿದು ಎತ್ತಿ, ಎಳೆಯದೆ, ಎಲ್ಲಿಯೂ ಉಜ್ಜದೆ ತೊಟ್ಟಿಯೊಳಗೆ ಇಳಿಬಿಟ್ಟೆವು. ನಾನು ಬರಿಗಾಲಲ್ಲಿ ಒಳಗಿಳಿದೆ. ನೀರು ಬಿಡುತ್ತಿದ್ದಂತೆ ತಳದ ಸುಕ್ಕುಗಳನ್ನು ಪಾದದಿಂದ ಮೂಲೆಯ ಕಡೆ ತಳ್ಳುತ್ತ ಹೋದೆ. ಹಿಮ್ಮಡಿ ಮುಳುಗುವಷ್ಟು ನೀರಾದಾಗ ರಬ್ಬರ್ ತಳಕ್ಕೆ ಅಂಟಿ ನಿಂತಿತು. ಇನ್ನು ಅದನ್ನು ಕದಲಿಸಲಾಗದು. ಮೂಲೆಗಳಲ್ಲಿ ಹೆಚ್ಚಾದದ್ದನ್ನು ಸೀರೆಯ ನಿರಿಗೆ ಹಿಡಿದಂತೆ ಒಂದೇ ದೊಡ್ಡ ಮಡಿಕೆ ಮಾಡಿ ಗೋಡೆಗೆ ಒರಗಿಸಿದೆವು. ಹಾಳೆಗೆ ಎಲ್ಲಿಯೂ ತೂತು ಹಾಕಲಿಲ್ಲ. ಪೈಪುಗಳೆಲ್ಲ ದಂಡೆಯ ಮೇಲಿಂದಲೇ ಇಳಿದವು. ಅಂಚನ್ನು ಅಂಗಳದ ಮಟ್ಟಕ್ಕಿಂತ ಅರ್ಧ ಅಡಿ ಎತ್ತರಿಸಿ ಕಲ್ಲು ಹೇರಿದೆವು, ಮಳೆಯ ಕೆಸರು ನೀರು ಒಳಗೆ ಹರಿಯಬಾರದೆಂದು. ಕೊಳ ತುಂಬುವವರೆಗೆ ಅಂಚನ್ನು ಕತ್ತರಿಸಲಿಲ್ಲ. ನೀರಿನ ಭಾರಕ್ಕೆ ಹಾಳೆ ಇನ್ನೂ ಒಳಗೆ ಸರಿಯುತ್ತದೆ.

ತುಂಬಿದ್ದು ಹತ್ತು ಸಾವಿರ ಲೀಟರಿಗಿಂತ ಹೆಚ್ಚು ನೀರು. ಅದರಲ್ಲಿ ಒಂದು ಭಾಗ ಡ್ರಮ್ಮುಗಳಲ್ಲಿ ಉಳಿಸಿಟ್ಟ ಹಳೆಯ ನೀರೇ. ನಳದ ನೀರಿನ ಕ್ಲೋರಿನ್ ಮೀನಿನ ಕಿವಿರನ್ನೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಸುಡುತ್ತದೆ. ಸೋಡಿಯಂ ಥಯೋಸಲ್ಫೇಟ್ ಹಾಕಿ ಅದನ್ನು ಕಳೆದು, ಉಷ್ಣತೆ ಹೊಂದಿಸಿ ಮೀನು ಬಿಟ್ಟೆವು. ಹೊಸ ಕೊಳ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟೂ ಕಾಲ ಅಪ್ಪ ಮೇವು ಕಡಿಮೆ ಮಾಡಿ, ಪರೀಕ್ಷೆಯ ಕೊಳವೆಯ ಬಣ್ಣ ನೋಡಿ ಅಮೋನಿಯಾ, ನೈಟ್ರೈಟ್ ಬರೆದಿಟ್ಟರು. ಏರಿದ ದಿನ ಸ್ವಲ್ಪ ನೀರು ಬದಲಿಸಿದರು. ತೆಗೆದ ನೀರು ಬಾಳೆಯ ಬುಡಕ್ಕೆ, ತೆಂಗಿನ ಪಾತಿಗೆ ಹೋಯಿತು.

ನಿಜವಾದ ಪರೀಕ್ಷೆ ನಡೆಸಿದ್ದು ಮಳೆಗಾಲ. ಎರೆ ಉಬ್ಬಿತು, ಅಂಗಳದ ಫರಸಿ ಎದ್ದು ಕೂತಿತು. ಕೊಳದ ನೀರು ಗುರುತಿನಿಂದ ಕೆಳಗಿಳಿಯಲಿಲ್ಲ. ಆಮೇಲೆ ಬಂದ ಬೇಸಿಗೆಯಲ್ಲಿ ಮಣ್ಣು ಮತ್ತೆ ಬಾಯಿಬಿಟ್ಟಿತು; ಬಕೆಟ್ಟಿನ ನೀರು ಎಷ್ಟು ಇಳಿಯಿತೋ ಕೊಳದ ನೀರೂ ಅಷ್ಟೇ ಇಳಿಯಿತು. ಅವ್ವ ಬಂದು ಎರಡೂ ಗುರುತು ನೋಡಿ “ಈಗ ಬರೋಬ್ಬರಿ ಆತು” ಎಂದಳು.

ಮನೆಯಲ್ಲಿ ಕೋಯಿ ಸಾಕಬೇಕೆಂದಿರುವವರಿಗೆ ನಾನು ಹೇಳುವುದು ಇಷ್ಟು. ಮೀನಿನ ಅಂಗಡಿಗೆ ಹೋಗುವ ಮೊದಲು ಹಿತ್ತಿಲಿನ ಮಣ್ಣನ್ನು ನೋಡಿ. ಗಟ್ಟಿ ನೆಲವಿದ್ದರೆ ಒಳ್ಳೆಯ ಸಿಮೆಂಟ್ ಕೆಲಸವೂ ನಿಲ್ಲುತ್ತದೆ; ದೊಡ್ಡ, ಇಳಿಜಾರು ಕೊಳವಾದರೆ ರೈತರ ಕಪ್ಪು ಹಾಳೆ ಸಾಕು. ನೆಲ ಕದಲುವಂಥದ್ದಾದರೆ ನೆಲದ ಜೊತೆ ಹೊಂದಿಕೊಳ್ಳುವ ರಬ್ಬರಿಗೇ ಹಣ ಹಾಕಿ. ಮೊದಲು ದುಬಾರಿಯೆನಿಸಿದರೂ ವರ್ಷ ವರ್ಷ ತೇಪೆ ಹಚ್ಚುವ, ನೀರು ಕಳೆಯುವ ಲೆಕ್ಕದಲ್ಲಿ ಅದೇ ಅಗ್ಗ. ಹಾಳೆಯ ಹಣ ಉಳಿಸಿ ಮೀನಿಗೆ ಸುರಿಯಬೇಡಿ. ನೀರು ನಿಲ್ಲುವ ಕೊಳ ಮೊದಲು ಆಗಲಿ, ಮೀನು ಆಮೇಲೆ ಬರಲಿ.